ಹತ್ತನೆಯ ಸಾಲಿನ ನಂತರ

ಜೂನ್ 3

ಅಕ್ಕನಿಗೆ ನಮಸ್ಕಾರ.

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನೀವು ಮುಖ ಗಂಟು ಹಾಕಿಕೊಂಡಿರುತ್ತೀರಿ. ಆದರೂ ಓದದೆ ಹರಿಯಲಾರಿರಿ ಎಂಬ ಧೈರ್ಯ ನನಗಿದೆ. ಔಷಧಿ ಡಬ್ಬಿಯೊಳಗಿನ ಚೀಟಿಯನ್ನೂ ಬಿಡದೆ ಓದಿ, ಅದರಲ್ಲೂ ಎರಡು ತಪ್ಪು ಹುಡುಕುವವರು ನೀವು.

ಮಾರ್ಚ್‌ನಲ್ಲಿ ಆದದ್ದು ನಿಮಗೂ ಗೊತ್ತು, ನನಗೂ ಗೊತ್ತು. ನನಗೆ ಕಂಡ ಹಾಗೆ ಒಂದು ಸಲ ಹೇಳಿಬಿಡುತ್ತೇನೆ. ನಮ್ಮ ಪ್ರೆಸ್ಸಿನಲ್ಲಿ ಅಚ್ಚಿಗೆ ಹೋಗಬೇಕಿದ್ದ ಮೇಷ್ಟ್ರ ಅಭಿನಂದನ ಗ್ರಂಥದ ಕರಡು. ನೀವು ಎದುರಿಗೆ ಕೂತು ಹಸ್ತಪ್ರತಿಯಿಂದ ಗಟ್ಟಿಯಾಗಿ ‘ಕೀರ್ತಿಶಾಲಿ’ ಎಂದು ಓದಿದಿರಿ. ಕರಡಿನಲ್ಲಿ ‘ಕೀರ್ತಿಶೇಷ’ ಎಂದಿತ್ತು. ಪೆನ್ನು ಹಿಡಿದಿದ್ದ ನಾನು ಅದನ್ನು ತಿದ್ದದೆ ಬಿಟ್ಟೆ. ಬದುಕಿರುವ ಮನುಷ್ಯನನ್ನು ಸನ್ಮಾನದ ದಿನವೇ ಸಾಯಿಸಿಬಿಟ್ಟೆವು. ಅವರು ಪುಸ್ತಕ ಹಿಡಿದುಕೊಂಡು ಪ್ರೆಸ್ಸಿಗೇ ಬಂದು, “ನಾನಿನ್ನೂ ಇದ್ದೀನಲ್ಲಮ್ಮ, ಈಗೇನು ಮಾಡ್ಲಿ?” ಅಂದಾಗ ನಗುವ ಧೈರ್ಯ ಯಾರಿಗೂ ಇರಲಿಲ್ಲ. “ನನಗೆ ಅವತ್ತು ತುಂಬಾ ಸುಸ್ತಾಗಿತ್ತು” ಅಂದೆ ನಾನು. “ಸುಸ್ತು ಯಾರಿಗಿಲ್ಲ? ಎರಡು ವರ್ಷದಿಂದ ನೋಡ್ತಿದ್ದೀನಿ, ನಾಟಕ ಸಾಕು ಮಾಡು” ಅಂದಿರಿ ನೀವು, ಎಲ್ಲರ ಮುಂದೆ. ನಾನು ಚೀಲ ಎತ್ತಿಕೊಂಡು ಹೊರಟುಬಿಟ್ಟೆ.

ಅಕ್ಕಾ, ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಎರಡು ವರ್ಷದ ಹಿಂದೆಯೇ ಗೊತ್ತಾಯಿತು. ಮೈಯನ್ನು ಕಾಯಬೇಕಾದ ಶಕ್ತಿಯೇ ನರಗಳ ಮೇಲಿನ ಹೊದಿಕೆಯನ್ನು ತಿಂದುಹಾಕುತ್ತದಂತೆ. ವೈರಿನ ಮೇಲಿನ ಪ್ಲಾಸ್ಟಿಕ್ ಸವೆದ ಹಾಗೆ ಎಂದರು ಡಾಕ್ಟರು. “ಇದು ದೀರ್ಘಕಾಲದ್ದು” ಎಂದೂ ಹೇಳಿದರು. ನನ್ನ ಎತ್ತರಕ್ಕೆ ನೀವಿಟ್ಟ ಅಡ್ಡಹೆಸರು ನೆನಪಾಗಿ ನಕ್ಕುಬಿಟ್ಟೆ. ಅವರಿಗೆ ಗಾಬರಿಯಾಯಿತು. ಒಂದು ಕಣ್ಣು ಆಗಾಗ ಮಂಜಾಗುತ್ತದೆ, ಎಡಗಾಲಿನ ಹೆಜ್ಜೆ ಎಳೆಯುತ್ತದೆ. ಅವೆರಡನ್ನೂ ತಡೆದುಕೊಳ್ಳಬಹುದು. ತಡೆಯಲಾಗದ್ದು ಸುಸ್ತು.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಡುವೆ ನಿಂತರೆ ನೀವು “ಹಲೋ, ಹಲೋ” ಅನ್ನುತ್ತೀರಿ. ಕಾಗದದಲ್ಲಿ ಎರಡು ದಿನ ನಿಂತರೂ ನಿಮಗೆ ಗೊತ್ತಾಗುವುದಿಲ್ಲ. ನನಗೆ ಬೇಕಾದದ್ದು ಒಂದೇ: ನಾನು ನಾಟಕ ಆಡಲಿಲ್ಲ ಎಂದು ನೀವು ನಂಬಬೇಕು. ಉಳಿದವರು ನಂಬದಿದ್ದರೂ ಹೇಗೋ ನಡೆಯುತ್ತದೆ.

ನಿಮ್ಮ,
ದೀರ್ಘ

*

ಜೂನ್ 14

ದೀರ್ಘ,

ನಿನ್ನ ಕಾಗದವನ್ನು ತಿದ್ದಿ ಇದರ ಜೊತೆ ವಾಪಸ್ ಕಳಿಸಿದ್ದೇನೆ. ಹನ್ನೊಂದು ತಪ್ಪು. ‘ಕಣ್ಣು’ ಎಂಬಲ್ಲಿ ಒತ್ತು ಬಿಟ್ಟು ‘ಕಣು’ ಮಾಡಿದ್ದೀಯ. ‘ಹೆಜ್ಜೆ’ ‘ಹೆಜೆ’ ಆಗಿದೆ. ‘ನಂಬಬೇಕು’ ಎಂಬಲ್ಲಿ ಒಂದು ‘ಬ’ ನುಂಗಿದ್ದೀಯ. ಒಂಬತ್ತು ವರ್ಷ ನನ್ನ ಎದುರಿಗೆ ಕೂತವಳು ಹೀಗೆ ಬರೆದರೆ ನನಗೆ ಅವಮಾನ.

ಕಾಯಿಲೆ ಇದ್ದವರು ಹೇಳುತ್ತಾರೆ. ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು, ತಪ್ಪು ಸಿಕ್ಕಿಬಿದ್ದ ಮೇಲೆ ಕಾಯಿಲೆಯ ಹೆಸರು ಹೇಳಿದರೆ ಕೇಳಿದವರು ಏನಂದುಕೊಳ್ಳಬೇಕು? ನನಗೆ ಐವತ್ತೇಳು. ಮಂಡಿ ನೋಯುತ್ತದೆ, ಗಂಟಲು ಕಟ್ಟುತ್ತದೆ, ಸಂಜೆಗೆ ನನಗೂ ಸುಸ್ತಾಗುತ್ತದೆ. ನಾನು ಕೆಲಸಕ್ಕೆ ಬರುವುದಿಲ್ಲವೇ? ಮೇಷ್ಟ್ರ ಕೈಕಾಲು ಹಿಡಿದು ಕ್ಷಮೆ ಕೇಳಿದವಳು ನಾನು. ನೀನು ಚೀಲ ಎತ್ತಿಕೊಂಡು ಹೊರಟೆ.

ಮಧ್ಯಾಹ್ನ ಅದೇ ಮೇಜಿನಲ್ಲಿ ಎದುರಾಬದುರು ಕೂತು ಡಬ್ಬಿ ಬಿಚ್ಚುತ್ತಿದ್ದೆವಲ್ಲ, ಆಗ ಒಂದು ಮಾತು ಹೇಳಲು ನಿನಗೇನು ಅಡ್ಡ ಬಂದಿತ್ತು?

ಅಕ್ಕ

*

ಜೂನ್ 29

ಅಕ್ಕನಿಗೆ,

ಕೆಂಪು ಶಾಯಿಯ ಕಾಗದ ಬಂತು. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಗಾಯದ ಮೇಲೆ ಬರೆ ಎಳೆಯುವುದರಲ್ಲೂ ನೀವು ಎಷ್ಟು ಅಚ್ಚುಕಟ್ಟು ಎಂದು ಕೊನೆಗೆ ನಗುವೂ ಬಂತು. ಒಂದೊಂದು ಬರುವುದಕ್ಕೂ ಶಕ್ತಿ ಬೇಕು. ಅವತ್ತು ಅಡುಗೆ ಮಾಡಲಿಲ್ಲ.

ಏನು ಅಡ್ಡ ಬಂದಿತ್ತು ಎಂದು ಕೇಳಿದ್ದೀರಿ. ನೀವೇ ಅಡ್ಡ ಬಂದಿರಿ. ಅಚ್ಚಿನ ಮಷಿನ್‌ನವರು ಸೊಂಟ ನೋವೆಂದು ನಾಲ್ಕು ದಿನ ರಜೆ ಹಾಕಿದಾಗ “ಸೊಂಟ ಇರೋರಿಗೆಲ್ಲ ನೋವಿರುತ್ತೆ” ಅಂದವರು ನೀವು. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಆ ನಗು ನನ್ನ ಮೇಲೆ ಬೀಳುವುದು ಬೇಡ ಅನಿಸಿತು. ಕಣ್ಣಿನ ಕೆಲಸ ಮಾಡುವವಳ ಕಣ್ಣೇ ಸರಿಯಿಲ್ಲ ಎಂದು ಗೊತ್ತಾದರೆ ಯಾರು ಇಟ್ಟುಕೊಳ್ಳುತ್ತಾರೆ ಎಂಬ ಭಯವೂ ಇತ್ತು.

‘ಸುಸ್ತು’ ಎಂಬ ಪದವೇ ತಪ್ಪು, ಅಕ್ಕಾ. ನಿಮ್ಮ ಸುಸ್ತು ದುಡಿದ ಮೇಲೆ ಬರುತ್ತದೆ, ಮಲಗಿದರೆ ಹೋಗುತ್ತದೆ. ನನ್ನದು ನಾನು ಏಳುವ ಮೊದಲೇ ಎದ್ದು ಕೂತಿರುತ್ತದೆ. ಒಂಬತ್ತು ಗಂಟೆ ನಿದ್ದೆ ಮಾಡಿ ಕಣ್ಣು ಬಿಟ್ಟರೆ, ಇಡೀ ದಿನ ಮೂಟೆ ಹೊತ್ತವಳ ಹಾಗೆ ಇರುತ್ತೇನೆ. ಸ್ನಾನಕ್ಕೆ ಸ್ಟೂಲು ಇಟ್ಟುಕೊಂಡಿದ್ದೇನೆ. ನೀರು ಬಿಸಿಯಾದರೆ ಕಣ್ಣು ಮಂಜಾಗುತ್ತದೆ. ಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ಅರ್ಧ ಗಂಟೆ ಮಲಗಿ, ಆಮೇಲೆ ಬಟ್ಟೆ ಹಾಕಿಕೊಳ್ಳುತ್ತೇನೆ. ತಲೆ ಬಾಚಲು ಕೈ ಎತ್ತುವುದು ದೊಡ್ಡ ಕೆಲಸ. ಸ್ನಾನ ಮಾಡಿದ ದಿನ ಅಡುಗೆಯಿಲ್ಲ, ಅಡುಗೆ ಮಾಡಿದ ದಿನ ಸ್ನಾನವಿಲ್ಲ. ಕೆಳಗಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕರೆ “ನೋಡೋಕೆ ಚೆನ್ನಾಗೇ ಇದ್ದೀರಲ್ಲ!” ಅನ್ನುತ್ತಾರೆ. ಅಣ್ಣ ದೂರದ ಊರಿನಿಂದ ಫೋನ್ ಮಾಡಿ “ಬೆಳಗ್ಗೆ ಬೇಗ ಎದ್ದು ವಾಕಿಂಗ್ ಹೋಗು, ಎಲ್ಲ ಸರಿಹೋಗುತ್ತೆ” ಅನ್ನುತ್ತಾನೆ. ಗೆಳತಿಯರು ಕರೆದಾಗ ಮೂರು ಸಲ ಬರುವುದಕ್ಕಾಗಲ್ಲ ಅಂದೆ. ನಾಲ್ಕನೆಯ ಸಲ ಯಾರೂ ಕರೆಯಲಿಲ್ಲ. ಅವರನ್ನು ದೂರುವಂತಿಲ್ಲ.

ಈ ಕಾಗದವನ್ನು ಐದು ದಿನ ಕೂತು ಬರೆದಿದ್ದೇನೆ. ಇಲ್ಲೇ ಮೇಲೆ ಒಂದು ಸಾಲು ಹೊಡೆದುಹಾಕಿದ್ದೇನೆ, ಅದನ್ನು ಓದಲು ಹೋಗಬೇಡಿ. ತಪ್ಪುಗಳನ್ನು ಎಣಿಸಿಕೊಳ್ಳಿ, ವಾಪಸ್ ಕಳಿಸುವ ತೊಂದರೆ ಬೇಡ.

ದೀರ್ಘ

*

ಜುಲೈ 20

ದೀರ್ಘ,

ಮೂರು ವಾರ ತಡವಾಯಿತು. ಮುನಿಸಿನಿಂದಲ್ಲ.

ನಿನ್ನ ಎರಡನೆಯ ಕಾಗದವನ್ನೂ ಕೆಂಪು ಪೆನ್ನು ಹಿಡಿದೇ ಓದಿದೆ. ಹುಟ್ಟುಗುಣ, ಏನು ಮಾಡಲಿ? ಹತ್ತು ಸಾಲಿನವರೆಗೆ ಒಂದೂ ತಪ್ಪು ಸಿಗಲಿಲ್ಲ. ಆಮೇಲೆ ಒತ್ತುಗಳು ಉದುರಿದವು. ಆಮೇಲೆ ಅರ್ಧ ಪದಗಳು. ನಂತರ ಶಾಯಿಯ ಬಣ್ಣ ಬದಲಾಗಿದೆ, ನೀನು ಮಲಗಿ ಎದ್ದು ಬಂದಿರಬೇಕು. ಅಲ್ಲಿಂದ ಮತ್ತೆ ಹತ್ತು ಸಾಲು ಕನ್ನಡಿಯಷ್ಟು ಚೊಕ್ಕ. ಹನ್ನೊಂದನೆಯದರಲ್ಲಿ ಮತ್ತೆ ಶುರು. ಮೊದಲ ಕಾಗದವನ್ನು ನೆನಪಿಸಿಕೊಂಡೆ. ಆ ಹನ್ನೊಂದು ತಪ್ಪುಗಳಲ್ಲಿ ಒಂದೂ ಮೊದಲ ಅರ್ಧದಲ್ಲಿ ಇರಲಿಲ್ಲ. ಅಸಡ್ಡೆಯಿಂದ ಆಗುವ ತಪ್ಪು ಹೀಗೆ ಸಾಲು ಹಿಡಿದು ಬರುವುದಿಲ್ಲ. ಅದು ಎಲ್ಲೆಂದರಲ್ಲಿ ಬೀಳುತ್ತದೆ. ಇಪ್ಪತ್ತಾರು ವರ್ಷದಲ್ಲಿ ನಾನು ಅಷ್ಟಾದರೂ ಕಲಿತಿದ್ದೇನೆ.

ಮಾರನೆಯ ದಿನ ಬೀರು ತೆಗೆದು ಎರಡು ವರ್ಷದ ಕರಡುಗಳ ಕಟ್ಟು ಬಿಚ್ಚಿದೆ. ಪುಟ ಮುಗಿದಾಗಲೆಲ್ಲ ಅಂಚಿನಲ್ಲಿ ಗಂಟೆ ಬರೆದು ಸಹಿ ಹಾಕುವುದು ನಮ್ಮ ರೂಢಿಯಲ್ಲವೇ? ಬೆಳಗಿನ ಪುಟಗಳಲ್ಲಿ ನಿನ್ನ ಪೆನ್ನಿನಿಂದ ಒಂದು ಅಲ್ಪವಿರಾಮವೂ ತಪ್ಪಿಸಿಕೊಂಡಿಲ್ಲ. ಮಧ್ಯಾಹ್ನ ಮೂರು ದಾಟಿದರೆ ಸೋರಿಕೆ. ಬೇಸಿಗೆಯ ತಿಂಗಳಲ್ಲಿ ಎರಡು ಗಂಟೆಗೇ ಸೋರಿಕೆ. ಎರಡು ವರ್ಷ ದಿನವೂ ಈ ಕಾಗದಗಳು ನನ್ನ ಕೈ ದಾಟಿ ಹೋಗಿವೆ. ಅಕ್ಷರ ನೋಡಿದೆ, ಬರೆದವಳನ್ನು ನೋಡಲಿಲ್ಲ.

ಪುಸ್ತಕದ ಮೊದಲ ಪುಟಗಳನ್ನು ನಾವು ಕೊನೆಗೆ ಓದುವುದು. ಮೇಷ್ಟ್ರ ಪುಟದ ಅಂಚಿನಲ್ಲಿ ನಾಲ್ಕೂ ಮುಕ್ಕಾಲು ಎಂದಿದೆ. ಆ ಹೊತ್ತು ನನಗೆ ನೆನಪಿದೆ, ದೀರ್ಘ. ಇಷ್ಟು ದಿನ ನೆನಪಿಲ್ಲದ ಹಾಗೆ ಇದ್ದೆ, ಅಷ್ಟೆ. ನೀನು ಎರಡು ಸಲ “ಅಕ್ಕಾ, ಸ್ವಲ್ಪ ನಿಲ್ಲಿ” ಅಂದೆ. ಮುಗಿಸಿಬಿಡುವ ಆತುರ ನನಗೆ. ನಿಲ್ಲುವುದಿರಲಿ, ಇನ್ನಷ್ಟು ಬೇಗ ಬೇಗ ಓದಿದೆ. ಮೇಷ್ಟ್ರನ್ನು ಸಾಯಿಸಿದ್ದು ನಾನು.

ಇನ್ನೊಂದು. ಓದಬೇಡಿ ಅಂದ ಸಾಲನ್ನು ಓದಿದೆ. ‘ನನಗೆ ತುಂಬಾ ಒಂಟಿ ಅನಿಸುತ್ತದೆ.’ ಅದು ಕಾಗದದ ಕಟ್ಟಕಡೆಯಲ್ಲಿತ್ತು. ಸುತ್ತಮುತ್ತ ಎಲ್ಲ ತಪ್ಪು, ಅದರಲ್ಲಿ ಮಾತ್ರ ಒಂದೂ ಇರಲಿಲ್ಲ. ಸರಿಯಿರುವ ಸಾಲನ್ನು ಯಾಕೆ ಹೊಡೆದೆ? ಹೊಡೆದ ಪದ ಮತ್ತೆ ಬೇಕಾದರೆ ಏನು ಮಾಡಬೇಕೆಂದು ಮೊದಲ ವಾರವೇ ಕಲಿಸಿದ್ದೆ. ಅದರ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ ‘ಇರಲಿ’ ಎಂದು ಬರೆದಿದ್ದೇನೆ. ಆ ಹಾಳೆ ನನ್ನ ಹತ್ತಿರವೇ ಇದೆ.

ಅಕ್ಕ

*

ಆಗಸ್ಟ್ 11

ದೀರ್ಘ,

ನೀನು ಉತ್ತರ ಬರೆಯಲಿಲ್ಲ. ಇಪ್ಪತ್ತು ದಿನ ಕಾದು, ನಿನ್ನೆ ಭಾನುವಾರ ಬೆಳಗ್ಗೆ ನಾನೇ ನಿನ್ನ ಮನೆಗೆ ಬಂದೆ. ಹೇಳದೆ ಬಂದದ್ದು ನನ್ನ ತಪ್ಪಿರಬಹುದು.

ಎರಡು ಮಹಡಿ ಹತ್ತಿದೆ. ಮೂರು ಸಲ ಬೆಲ್ ಮಾಡಿದೆ. ಒಳಗೆ ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಕಿಟಕಿಯ ಪರದೆ ಎಳೆದಿತ್ತು. ಚಪ್ಪಲಿ ಹೊರಗೇ ಇತ್ತು. ಹತ್ತು ನಿಮಿಷ ನಿಂತೆ. ಕೆಳಗಿನ ಮನೆಯವರು ಕತ್ತು ಹೊರಗೆ ಹಾಕಿ “ಅವರು ಯಾರ ಜೊತೆನೂ ಸೇರಲ್ಲ ಬಿಡಿ” ಅಂದರು. ಅವರಿಗೆ ಒಂದು ಮಾತು ಅನ್ನಬೇಕೆನಿಸಿತು. ಮೊದಲು ಅಂಥ ಮಾತು ಆಡಿದವಳು ನಾನೇ, ಯಾವ ಬಾಯಿಂದ ಅನ್ನಲಿ?

ನಿನಗೆ ನನ್ನ ಮುಖ ನೋಡುವುದು ಬೇಡವಾದರೆ ಬೇಡ. ಹಾಗೆಂದು ಒಂದು ಸಾಲು ಬರೆ. ತಪ್ಪಿದ್ದರೂ ತಿದ್ದುವುದಿಲ್ಲ.

ಅಕ್ಕ

*

ಆಗಸ್ಟ್ 30

ಅಕ್ಕಾ,

ಬೆಲ್ ಕೇಳಿಸಿತು. ನೀವೇ ಎಂದು ಗೊತ್ತಾಯಿತು. ಮೆಟ್ಟಿಲು ಹತ್ತಿ ಬಂದು “ಉಸ್ಸಪ್ಪಾ” ಅಂದಿರಲ್ಲ.

ಹಾಸಿಗೆಯಿಂದ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಆ ವಾರ ಮಳೆ ಬಿಟ್ಟು ತುಂಬಾ ಸೆಕೆ ಇತ್ತು. ಸೆಕೆಯಿದ್ದರೆ ನನಗೆ ಕಾಲು ಇರುವುದೇ ಇಲ್ಲ. ಗೋಡೆ ಹಿಡಿದು ಒಂಬತ್ತು ಹೆಜ್ಜೆ ಬಂದೆ, ಅಲ್ಲೇ ನೆಲದ ಮೇಲೆ ಕೂತೆ. ನೀವು ಮೂರನೆಯ ಸಲ ಬೆಲ್ ಮಾಡಿದಾಗ ನಾನು ಬಾಗಿಲಿನಿಂದ ಐದು ಹೆಜ್ಜೆ ದೂರ ಇದ್ದೆ. ಕೂಗಬಹುದಿತ್ತು. ಧ್ವನಿ ಇತ್ತು.

ಕೂಗಲಿಲ್ಲ. ಮನೆ ಹಾಳು ಬಿದ್ದಿತ್ತು. ನಾಲ್ಕು ದಿನದ ಪಾತ್ರೆ, ಬಾಚದ ತಲೆ. ನೀವು ಒಳಗೆ ಬಂದರೆ ಪೊರಕೆ ಹಿಡಿಯುತ್ತೀರಿ. ನಾನು ಬೇಡ ಅನ್ನಬೇಕು, ನಗಬೇಕು, ಚಹಾ ಮಾಡಬೇಕು, ನೀವು ಅತ್ತರೆ ಸಮಾಧಾನ ಮಾಡಬೇಕು. ಅಷ್ಟು ನನ್ನ ಹತ್ತಿರ ಇರಲಿಲ್ಲ. ನಂಬಿ ಎಂದು ಅಂಗಲಾಚಿದವಳು ನಾನೇ. ನಂಬಿದ ಮೇಲೆ ಬರುವ ಕನಿಕರವನ್ನು ಇಟ್ಟುಕೊಳ್ಳಲು ಜಾಗವೇ ಇಲ್ಲ ಎಂದು ಅವತ್ತು ಗೊತ್ತಾಯಿತು. ನೀವು ಇಳಿದು ಹೋಗುವುದನ್ನು ಕೊನೆಯ ಮೆಟ್ಟಿಲವರೆಗೂ ಕೇಳಿಸಿಕೊಂಡೆ. ಆಮೇಲೆ ತುಂಬಾ ಅತ್ತೆ. ಎರಡು ವರ್ಷದಲ್ಲಿ ನನ್ನ ಬಾಗಿಲಿಗೆ ನನಗೋಸ್ಕರ ಬಂದವರು ನೀವೊಬ್ಬರೇ. ನಿಮ್ಮನ್ನೂ ಕಳಿಸಿಬಿಟ್ಟೆ.

ಹೋದ ವಾರ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಈ ಕಾಯಿಲೆ ಮನಸ್ಸನ್ನೂ ಕುಗ್ಗಿಸುತ್ತದಂತೆ. ಅದು ನನ್ನ ಹಣೆಬರಹವೂ ಅಲ್ಲ, ಸೋಮಾರಿತನವೂ ಅಲ್ಲ, ಅದಕ್ಕೂ ಬೇರೆ ಚಿಕಿತ್ಸೆ ಇದೆಯಂತೆ. ಹದಿನೈದು ದಿನಕ್ಕೊಮ್ಮೆ ಅಲ್ಲಿನ ಆಪ್ತಸಮಾಲೋಚಕರೊಬ್ಬರು ಫೋನಿನಲ್ಲಿ ಮಾತಾಡುತ್ತಾರೆ. ಮೊದಲ ಸಲ ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ನಾನು ಸುಮ್ಮನೇ ಇದ್ದೆ. ಅವರು “ಹಲೋ, ಹಲೋ” ಅನ್ನಲಿಲ್ಲ.

ಇದರ ಜೊತೆ ಪ್ರೆಸ್ಸಿನ ಯಜಮಾನರಿಗೆ ರಾಜೀನಾಮೆ ಇದೆ, ಕೊಟ್ಟುಬಿಡಿ. ಬಿಡಬಾರದು ಎಂದು ಇಷ್ಟು ದಿನ ಸಂಬಳವಿಲ್ಲದ ರಜೆ ಹಾಕಿ ಹಲ್ಲು ಕಚ್ಚಿ ಹಿಡಿದಿದ್ದೆ. ನನ್ನಿಂದ ಆಗುವುದಿಲ್ಲ. ಕಾಯಿಲೆಯ ಸುದ್ದಿ ಅಲ್ಲಿ ಹೇಳಬೇಕೆನಿಸಿದರೆ ಹೇಳಿ. ಮುಚ್ಚಿಡುವುದಕ್ಕೂ ಶಕ್ತಿ ಬೇಕು.

ದೀರ್ಘ

*

ಸೆಪ್ಟೆಂಬರ್ 12

ದೀರ್ಘ,

ರಾಜೀನಾಮೆ ಕೊಟ್ಟೆ. ಅದರಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಎಷ್ಟು ದಿನ ಹಿಡಿಯಿತು ಎಂದು ಕೇಳುವುದಿಲ್ಲ. ಯಜಮಾನರು ಎರಡು ಸಲ ಓದಿ, “ಕೆಲಸ ಬಿಡೋ ಕಾಗದಾನ ಇಷ್ಟು ಚೆನ್ನಾಗಿ ಯಾರು ಬರೀತಾರೆ?” ಅಂದರು. ಮಧ್ಯಾಹ್ನ ಊಟ ಮಾಡಲಿಲ್ಲ, ನಾನು ನೋಡಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆದರೂ ಸುಮ್ಮನಿರಲಾಗಲಿಲ್ಲ. ಎಲ್ಲರೂ ಚಹಾಕ್ಕೆ ನಿಂತಿದ್ದಾಗ, ಮಾರ್ಚ್‌ನಲ್ಲಿ ನಿಂತಿದ್ದ ಜಾಗದಲ್ಲೇ ನಿಂತು ಹೇಳಿದೆ: “ಇಲ್ಲೇ ನಾನೊಂದು ಮಾತು ಅಂದಿದ್ದೆ. ನಾಟಕ ಅಂತ. ಅವಳಿಗೆ ಕಾಯಿಲೆ ಇತ್ತು, ನನಗೆ ಬಾಯಿ ಇತ್ತು. ಆ ಮಾತು ಆಡಿದ್ದು ನಂದೇ ತಪ್ಪು.” ಮಷಿನ್‌ನವರು ಲೋಟ ಕೆಳಗಿಟ್ಟು, “ನನ್ನ ಸೊಂಟದ್ದೂ ಒಂಚೂರು ಸೇರಿಸ್ಕೊಳ್ಳಿ ಅಮ್ಮಾ” ಅಂದರು. ಸೇರಿಸಿಕೊಂಡೆ.

ಹೊಸಬಳು ಬಂದಿದ್ದಾಳೆ. ಚುರುಕಾಗಿದ್ದಾಳೆ. ಇಡೀ ದಿನ ನಾನು ಓದುತ್ತೇನೆ, ಅವಳು ತಿದ್ದುತ್ತಾಳೆ, ನಡುವೆ ಒಂದು ಮಾತಿಲ್ಲ. ಸಂಜೆ ನಾನಿರುವ ತಮ್ಮನ ಮನೆಗೆ ಹೋದರೆ ಅಲ್ಲಿ ಟೀವಿ ಓಡುತ್ತಿರುತ್ತದೆ. ತಮ್ಮನೂ ನಾದಿನಿಯೂ ಒಳ್ಳೆಯವರೇ. ಎಂಟು ಗಂಟೆ ಗಟ್ಟಿಯಾಗಿ ಓದಿ ಬಂದವಳಿಗೆ ಮನೆಯಲ್ಲಿ ಆಡಲು ಒಂದು ಮಾತಿರುವುದಿಲ್ಲ ಎಂದು ಈಚೆಗೆ ಗಮನಿಸಿದೆ. ನಿನ್ನ ಕಷ್ಟಕ್ಕೆ ಇದನ್ನು ಹೋಲಿಸುತ್ತಿಲ್ಲ. ಆ ತಪ್ಪು ಒಂದು ಸಲ ಮಾಡಿ ಆಯಿತು. ಸುಮ್ಮನೆ ಹೇಳಿದೆ.

ಬಾಗಿಲ ವಿಷಯ ನನಗೆ ನೋವಾಯಿತು. ನೋವಾಗಲಿಲ್ಲ ಅಂದರೆ ನೀನು ನಂಬುವುದಿಲ್ಲ. ಐದು ಹೆಜ್ಜೆ ದೂರದಲ್ಲಿ ನೀನು ನೆಲದ ಮೇಲೆ ಕೂತಿದ್ದೆ ಎಂಬುದನ್ನು ನೆನೆದಾಗಲೆಲ್ಲ ಕೈಯಲ್ಲಿರುವ ಕೆಲಸ ನಿಂತುಹೋಗುತ್ತದೆ. ಇನ್ನು ಮೇಲೆ ಹೇಳದೆ ಬರುವುದಿಲ್ಲ. ಕರೆದರೆ ಬರುತ್ತೇನೆ. ಪೊರಕೆ ಮುಟ್ಟುವುದಿಲ್ಲ, ಅಳುವುದಿಲ್ಲ, ಚಹಾ ಕೇಳುವುದಿಲ್ಲ. ಕರೆಯದಿದ್ದರೆ ಕಾಗದ ಬರೆಯುತ್ತೇನೆ. ನೀನು ಹತ್ತು ಸಾಲು ಬರೆದು ನಿಲ್ಲಿಸು, ಸಾಕು.

ಅಕ್ಕ

*

ಅಕ್ಟೋಬರ್ 5

ಅಕ್ಕಾ,

ಇವತ್ತು ಬೆಳಗ್ಗೆ ಡ್ರಿಪ್ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಬಂದೆ. ಇಡೀ ದಿನದ ಕೆಲಸ. ಕೊಳವೆ ಒಂದು ಕೈಯಲ್ಲಿ, ಪೆನ್ನು ಇನ್ನೊಂದರಲ್ಲಿ. ಅಕ್ಕಪಕ್ಕದ ಕುರ್ಚಿಯವರಿಗೆಲ್ಲ ಯಾರಾದರೂ ಜೊತೆಗೆ ಬಂದಿದ್ದಾರೆ. ನಿಮ್ಮನ್ನು ಕರೆಯಬೇಕು ಎಂದು ಎರಡು ಸಲ ಫೋನ್ ಎತ್ತಿದೆ, ಎರಡು ಸಲವೂ ಇಟ್ಟೆ. ಇನ್ನೂ ಅಷ್ಟು ಧೈರ್ಯ ಬಂದಿಲ್ಲ.

ಒಳಗೆ ಬಿಡುವ ಮೊದಲು ಒಂದು ಫಾರಂ ತುಂಬಿಸುತ್ತಾರೆ. ಕೊನೆಯಲ್ಲಿ ‘ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು’ ಎಂದಿದೆ. ಹೋದ ಸಲದವರೆಗೆ ಅಣ್ಣನ ನಂಬರು ಬರೆಯುತ್ತಿದ್ದೆ. ಅವನು ಫೋನ್ ಎತ್ತುವುದು ಮಾರನೆಯ ದಿನ. ಈ ಸಲ ನಿಮ್ಮದನ್ನು ಬರೆದೆ, ಕೇಳದೆ. ಪಕ್ಕದಲ್ಲಿ ‘ಸಂಬಂಧ’ ಎಂಬ ಜಾಗ ಇತ್ತು. ಸ್ವಲ್ಪ ಹೊತ್ತು ಯೋಚನೆ ಮಾಡಿ ‘ಅಕ್ಕ’ ಎಂದು ಬರೆದೆ. ಕೌಂಟರಿನಲ್ಲಿದ್ದಾಕೆ ಅದರ ಮೇಲೆ ಬೆರಳಿಟ್ಟು “ಒಡಹುಟ್ಟಿದ ಅಕ್ಕನಾ?” ಎಂದು ಕೇಳಿದಳು. ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. “ಹೌದು” ಅಂದೆ.

ಬಹುಶಃ ಯಾರೂ ನಿಮಗೆ ಫೋನ್ ಮಾಡುವುದಿಲ್ಲ. ಮಾಡಿ ಕೇಳಿದರೆ, ಅಲ್ಲ ಅನ್ನಬೇಡಿ.

ದೀರ್ಘ